ಕಳೆದ ವರ್ಷ ಎಂಟಿಬಿ (ಮೌಂಟನ್ ಬೈಕ್) ರೇಸ್ ಅರ್ಧಕ್ಕೇ ಬಿಟ್ಟೆ. ಈ ಸಲ ಎಂಟು ವಾರ ಇದೆ, ಹೇಗೆ ತಯಾರಾಗಲಿ?

ಪ್ರತಿ ಭಾನುವಾರ ನಂದಿ ಬೆಟ್ಟ ಹತ್ತುತ್ತಿದ್ದೆ, ಆದರೂ ಮಣ್ಣಿನ ದಾರಿಯ ರೇಸಿನಲ್ಲಿ ಎರಡನೇ ಸುತ್ತಿಗೇ ಕಾಲು ಕೈಕೊಟ್ಟಿತು, ಸೈಕಲ್ ತಳ್ಳಿಕೊಂಡು ಬಂದೆ ಅಂತ ಬರೆದಿದ್ದೀರಿ. ನಿಮ್ಮ ಕಾಲಿನಲ್ಲಿ ಶಕ್ತಿ ಕಮ್ಮಿ ಇತ್ತು ಅಂತ ನನಗೆ ಅನ್ನಿಸುವುದಿಲ್ಲ.

ನಂದಿ ಬೆಟ್ಟದ ಡಾಂಬರು ರಸ್ತೆಯಲ್ಲಿ ಉಸಿರು ಹೊಂದಿಸಿಕೊಂಡು ಒಂದೇ ಹದದಲ್ಲಿ ತುಳಿಯುತ್ತಾ ಹೋದರೆ ಮೇಲೆ ತಲುಪುತ್ತೀರಿ. ಎಂಟಿಬಿ ರೇಸಿನಲ್ಲಿ ಆ ಭಾಗ್ಯ ಇಲ್ಲ. ಅರ್ಧ ನಿಮಿಷ ಜೀವ ಹೋಗುವಂಥ ಏರು, ತಕ್ಷಣ ಇಳಿಜಾರು, ಅಡ್ಡ ಒಂದು ಬಂಡೆ, ತಿರುವು, ಮತ್ತೆ ಏರು. ನೀವು ಒಂದಕ್ಕೆ ತಯಾರಾಗಿ ಇನ್ನೊಂದರಲ್ಲಿ ಓಡಿದ್ದೀರಿ. ಹಾಗಾಗಿ ಈ ಸಲ ಸುಮ್ನೆ ಕಿಲೋಮೀಟರ್ ಜಾಸ್ತಿ ಮಾಡಬೇಡಿ.

ವಾರಕ್ಕೆ ಮೂರು ದಿನ ಸಿಕ್ಕರೆ ಸಾಕು. ಒಂದು ದಿನ ಎರಡು ಮೂರು ಗಂಟೆ ನಿಧಾನದ ಸವಾರಿ, ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಇನ್ನೊಂದು ದಿನ ಚಿಕ್ಕ ಏರು ಹುಡುಕಿ, ಎರಡು ನಿಮಿಷ ಜೋರಾಗಿ ಹತ್ತಿ, ಮೂರು ನಿಮಿಷ ಹಗುರವಾಗಿ ತುಳಿಯಿರಿ. ನಾಲ್ಕು ಸಲದಿಂದ ಶುರು ಮಾಡಿ ನಿಧಾನಕ್ಕೆ ಏಳೆಂಟಕ್ಕೆ ಏರಿಸಿ. ಏರು ಮಣ್ಣಿನದೇ ಆಗಿರಲಿ. ಸಡಿಲ ಮಣ್ಣಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಗಿರ್ರನೆ ಸುತ್ತುತ್ತದೆಯೇ ಹೊರತು ಸೈಕಲ್ ಮುಂದೆ ಹೋಗುವುದಿಲ್ಲ. ಸೀಟಿನ ಮುಂದಿನ ತುದಿಗೆ ಸರಿದು, ಎದೆ ಬಗ್ಗಿಸಿ, ಕೂತೇ ತುಳಿಯುವುದು ಅಭ್ಯಾಸವಾಗಬೇಕು.

ಮೂರನೇ ದಿನ ಬರೀ ತಿರುವು ಮತ್ತು ಇಳಿಜಾರು. ಹೆಚ್ಚಿನವರು ಇದನ್ನು ಬಿಟ್ಟೇ ಬಿಡುತ್ತಾರೆ, ಬೆವರು ಬರಲ್ಲ ಅಲ್ವಾ, ಅದಕ್ಕೆ. ಆದರೆ ನಿಮ್ಮ ಸುಸ್ತಿನ ಮೂಲ ಇಲ್ಲೇ ಇದೆ ಅಂತ ನನ್ನ ಅನುಮಾನ. ತಿರುವಿನ ಮಧ್ಯದಲ್ಲಿ ಬ್ರೇಕ್ ಹಿಡಿದರೆ ವೇಗವೆಲ್ಲ ಹೋಗುತ್ತದೆ. ಅದನ್ನು ಮತ್ತೆ ಕಾಲಿನಿಂದಲೇ ದುಡಿದು ತರಬೇಕು. ಸುತ್ತಿಗೆ ಮೂವತ್ತು ತಿರುವು ಅಂದುಕೊಳ್ಳಿ, ಮೂವತ್ತು ಸಲ ದಂಡ ಕಟ್ಟಿದ ಹಾಗೆ. ಬ್ರೇಕ್ ಏನಿದ್ದರೂ ತಿರುವಿಗೆ ಮುಂಚೆಯೇ ಮುಗಿಯಲಿ. ಹೊರಗಡೆಯ ಪೆಡಲ್ ಕೆಳಗೆ, ಭಾರ ಅದರ ಮೇಲೆ, ಕಣ್ಣು ತಿರುವಿನ ಆಚೆ ತುದಿಗೆ. ಕಲ್ಲನ್ನೇ ನೋಡಿದರೆ ಚಕ್ರ ಕಲ್ಲಿಗೇ ಹೋಗುತ್ತದೆ.

ಟೈರ್ ಗಾಳಿಯನ್ನೂ ನೋಡಿಕೊಳ್ಳಿ. ಅಂಗಡಿಯಲ್ಲಿ ಕಲ್ಲಿನಂತೆ ಗಟ್ಟಿ ತುಂಬಿಸಿ ಕೊಡುತ್ತಾರೆ. ಆ ಟೈರ್ ಜಲ್ಲಿಯ ಮೇಲೆ ಪುಟಿಯುತ್ತದೆ, ಹಿಡಿತ ಸಿಗುವುದಿಲ್ಲ. ನೀವು 70 ಕೆ.ಜಿ. ಆಸುಪಾಸು ಇದ್ದು, ಟೈರ್ 2.25 ಇಂಚಿನ ಟ್ಯೂಬ್‌ಲೆಸ್ ಆಗಿದ್ದರೆ ಮುಂದೆ 21-22, ಹಿಂದೆ 24 ಪಿಎಸ್ಐನಿಂದ ಶುರು ಮಾಡಿ ನೋಡಿ. ಟ್ಯೂಬ್ ಇದ್ದರೆ ಇನ್ನೊಂದು ಐದಾರು ಜಾಸ್ತಿ ಬೇಕು. ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಎರಡು ತೂತು ಬೀಳುತ್ತದೆ. ನಮ್ಮ ಕಡೆ ಜಾಲಿ ಮುಳ್ಳಿನ ಕಾಟ ಬೇರೆ. ಹಾಗಾಗಿ ಹೊಸ ಬಟ್ಟೆ, ದುಬಾರಿ ಹೆಲ್ಮೆಟ್ ಅಂತ ಖರ್ಚು ಮಾಡುವ ಮೊದಲು ಟ್ಯೂಬ್‌ಲೆಸ್ ಮಾಡಿಸಿ ತೂತು ತಾನೇ ಮುಚ್ಚುವ ದ್ರವ, ಅಂದರೆ ಸೀಲಂಟ್ ಹಾಕಿಸಿ.

ನಾನೂ ಒಂದು ರೇಸ್ ಅರ್ಧಕ್ಕೆ ಬಿಟ್ಟವನೇ. ಹಿಂದಿನ ಚಕ್ರಕ್ಕೆ ಒಂದು ಒಣ ಕಡ್ಡಿ ಸಿಕ್ಕಿಕೊಂಡಿತು, ಗೇರ್ ಬದಲಿಸುವ ಡಿರೇಲರ್ ಹಿಂದಕ್ಕೆ ಮಡಚಿತು, ಹ್ಯಾಂಗರ್ ಪಟ್ ಅಂತ ಮುರಿಯಿತು. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಬೆರಳುದ್ದದ ಅಲ್ಯೂಮಿನಿಯಂ ತುಂಡು ಅದು. ಫ್ರೇಮ್ ಉಳಿಯಲಿ ಅಂತ ಬೇಕಂತಲೇ ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಪಕ್ಕದವನ ಹತ್ತಿರ ಕೇಳಿದರೆ ಆಗಲ್ಲ. ನಿಮ್ಮ ಸೈಕಲ್ಲಿಗೆ ಸರಿಹೋಗುವ ಒಂದನ್ನು ಈಗಲೇ ತರಿಸಿಟ್ಟುಕೊಳ್ಳಿ. ಜೊತೆಗೆ ಚೈನ್ ಕತ್ತರಿಸುವ ಟೂಲ್, ತುಂಡಾದ ಚೈನ್ ಜೋಡಿಸಲು ಒಂದು ಕ್ವಿಕ್ ಲಿಂಕ್.

ಊಟದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೆಳಿಗ್ಗೆ ಎರಡು ಮೂರು ಗಂಟೆ ಮುಂಚೆ ಇಡ್ಲಿ ತಿನ್ನಿ. ರೇಸ್ ಒಂದು ಗಂಟೆ ದಾಟುವುದಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಕುಲುಕಾಟದಲ್ಲಿ ಅಗಿಯುವುದು ಕಷ್ಟ, ಹಾಗಾಗಿ ಬಾಟಲಿಯಲ್ಲೇ ಇರಲಿ. ಬೆಲ್ಲ, ನಿಂಬೆರಸ, ಚಿಟಿಕೆ ಉಪ್ಪು ಹಾಕಿದ ಪಾನಕ ನನಗೆ ಎನರ್ಜಿ ಜೆಲ್‌ಗಿಂತ ಚೆನ್ನಾಗಿ ಒಗ್ಗಿದೆ. ನಿಮ್ಮ ಹೊಟ್ಟೆಗೆ ಒಗ್ಗುತ್ತದಾ ಅಂತ ಅಭ್ಯಾಸದಲ್ಲೇ ನೋಡಿಕೊಳ್ಳಿ.

ಕೊನೆಯ ವಾರ ಸವಾರಿಯ ಸಮಯ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ಮಧ್ಯೆ ಒಂದೆರಡು ಸಲ ಜೋರು ಸವಾರಿ ಇರಲಿ. ಹಿಂದಿನ ದಿನ ರೇಸಿನ ದಾರಿಗೆ ಒಳಗೆ ಬಿಡುವುದಾದರೆ ಒಂದು ಸುತ್ತು ಹಾಕಿ. ಹೆದರಿಕೆ ಆಗುವ ಜಾಗದಲ್ಲಿ ಇಳಿದು, ನಡೆದು, ಯಾವ ಕಲ್ಲಿನ ಯಾವ ಪಕ್ಕದಿಂದ ಹೋಗಬೇಕು ಅಂತ ಗುರುತು ಮಾಡಿಕೊಳ್ಳಿ. ದಾರಿ ಎಲ್ಲಿ ಕಿರಿದಾಗುತ್ತದೆ ಅನ್ನುವುದನ್ನೂ ನೋಡಿ. ಅದಕ್ಕೆ ಮೊದಲೇ ಜಾಗ ಹಿಡಿಯಲು ಸ್ಟಾರ್ಟ್ ಆದ ಕೂಡಲೇ ಎಲ್ಲರೂ ನುಗ್ಗುತ್ತಾರೆ. ನೀವು ನುಗ್ಗಬೇಡಿ. ಹತ್ತು ಜನ ಮುಂದೆ ಹೋದರೆ ಹೋಗಲಿ, ಅವರಲ್ಲಿ ಕೆಲವರು ಎರಡನೇ ಸುತ್ತಿನಲ್ಲಿ ಮತ್ತೆ ಸಿಗುತ್ತಾರೆ. ಎಷ್ಟನೇ ಸ್ಥಾನ ಅನ್ನೋ ಲೆಕ್ಕ ಈ ಸಲ ಬಿಡಿ. ಕೊನೆಯ ಸುತ್ತಿನ ಸಮಯ ಮೊದಲನೆಯದಕ್ಕೆ ಹತ್ತಿರ ಇದ್ದರೆ ಗೆದ್ದ ಹಾಗೇ.

ರೇಸ್ ಯಾವ ಊರಲ್ಲಿ ಅಂತ ಬರೆದಿಲ್ಲ. 2022ರಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಶಿಪ್ ನಡೆದ ಗದಗದ ಕಡೆಯ ಒಣ ನೆಲಕ್ಕೆ ಬೇಕಾದ ಟೈರ್ ಬೇರೆ, ಸಕಲೇಶಪುರದ ಒದ್ದೆ ಮಣ್ಣಿಗೆ ಬೇಕಾದದ್ದು ಬೇರೆ. ಊರಿನ ಹೆಸರು, ಈಗಿರುವ ಟೈರ್ ಯಾವುದು ಅಂತ ಕಾಮೆಂಟಿನಲ್ಲಿ ಹಾಕಿ, ಹೇಳುತ್ತೇನೆ.