ಅಂಬಾಸಿಡರ್‌ನ ಬದಲಿ ಬಾಗಿಲು ಜೋತುಬೀಳುತ್ತಿರುವ ಬಗ್ಗೆ

ಹೊಸದಾಗಿ ಕೂರಿಸಿದ ಮುಂಬಾಗಿಲನ್ನು ಎತ್ತಿ ಮುಚ್ಚಬೇಕಾಗಿದೆ, ಹಿಂದಿನ ಅಂಚಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದೆ ಎಂದಿದ್ದೀರಿ. ಇದು ಬಹುತೇಕ ಹಿಂಜ್‌ಗಳ (ಬಾಗಿಲು ತಿರುಗುವ ಕೀಲುಗಳ) ದೋಷವೇ ಹೊರತು ಲಾಕ್‌ನದಲ್ಲ.

ಕಾರನ್ನು ಸಮತಟ್ಟಾದ ನೆಲದಲ್ಲಿ ಚಕ್ರಗಳ ಮೇಲೆಯೇ ನಿಲ್ಲಿಸಿ, ಬಾಗಿಲಿನ ಹಿಂದಿನ ಕಂಬದಲ್ಲಿ ಲಾಕ್ ಸಿಕ್ಕಿಕೊಳ್ಳುವ ಸ್ಟ್ರೈಕರನ್ನೂ ಬಾಗಿಲ ಅಂಚಿನ ರಬ್ಬರ್ ಬೀಡಿಂಗನ್ನೂ ತೆಗೆದು, ಅರ್ಧ ತೆರೆದ ಬಾಗಿಲಿನ ಹಿಂದಿನ ಅಂಚನ್ನು ಮೇಲಕ್ಕೆತ್ತಿ ನೋಡಿ. ಹಿಂಜ್‌ನಲ್ಲೇ ಸಡಿಲ ಅಲುಗಾಟವಿದ್ದರೆ ಅದರ ಪಿನ್ ಸವೆದಿದೆ, ಅದನ್ನು ಬದಲಿಸದೆ ಮುಂದಿನ ಹೊಂದಾಣಿಕೆ ನಿಲ್ಲುವುದಿಲ್ಲ. ಹಿಂಜ್‌ಗಳನ್ನು ಬಿಗಿದಿರುವ ಮುಂದಿನ ಕಂಬವೇ ಅಲುಗಿದರೆ ಮಾತ್ರ ವಿಷಯ ಗಂಭೀರ: ಅಂಬಾಸಿಡರ್‌ಗೆ ಪ್ರತ್ಯೇಕ ಚಾಸಿ (ಕೆಳಗಿನ ಚೌಕಟ್ಟು) ಇಲ್ಲದ ಕಾರಣ ಬಾಗಿಲ ಕೆಳಗಿನ ಪಟ್ಟಿಯೇ ಭಾರ ಹೊರುತ್ತದೆ, ಅದು ತುಕ್ಕು ಹಿಡಿದಿದ್ದರೆ ಮೊದಲು ವೆಲ್ಡಿಂಗ್ ಆಗಬೇಕು. ಇವೆರಡರಲ್ಲಿ ಯಾವುದೆಂದು ನಿಮ್ಮ ವಿವರಣೆಯಿಂದಷ್ಟೇ ಹೇಳಲಾಗದು.

ಎರಡೂ ಗಟ್ಟಿಯಾಗಿದ್ದರೆ, ಹಿಂಜ್‌ಗಳ ಸುತ್ತ ಪೆನ್ಸಿಲ್‌ನಿಂದ ಗುರುತು ಹಾಕಿ, ಮರದ ತುಂಡಿಟ್ಟ ಜ್ಯಾಕ್ ಮೇಲೆ ಬಾಗಿಲಿನ ಭಾರ ನಿಲ್ಲಿಸಿ, ಬೋಲ್ಟ್‌ಗಳನ್ನು ಸ್ವಲ್ಪವೇ ಸಡಿಲಿಸಿ ಬಾಗಿಲಿನ ಹಿಂಭಾಗವನ್ನು ಎತ್ತಿ. ಸಾಲದಿದ್ದರೆ ಕೆಳಗಿನ ಹಿಂಜ್‌ನ ಹಿಂದೆ ತೆಳು ತಗಡಿನ ಪ್ಯಾಕಿಂಗ್ ಕೊಡಿ, ಅದು ಬಾಗಿಲಿನ ತಳವನ್ನು ಹಿಂದಕ್ಕೆ ತಳ್ಳಿ ತುದಿಯನ್ನು ಮೇಲೇರಿಸುತ್ತದೆ. ಅಳತೆಗೆ ಹಿಂಬಾಗಿಲನ್ನೇ ಆಧಾರವಾಗಿಟ್ಟುಕೊಳ್ಳಿ. ಗಾಜು ಇನ್ನೂ ಕೂರಿಸಿಲ್ಲವಾದರೆ ಹಿಂದಿನ ತುದಿಯನ್ನು 1–2 ಮಿ.ಮೀ. ಎತ್ತರದಲ್ಲೇ ಬಿಡಿ, ಗಾಜಿನ ಭಾರಕ್ಕೆ ಅದು ಇಳಿಯುತ್ತದೆ.

ಸಂದು ಸಮವಾದ ಮೇಲೆ ಬೀಡಿಂಗ್ ಹಾಕಿ, ಎಲ್ಲಕ್ಕಿಂತ ಕೊನೆಗೆ ಸ್ಟ್ರೈಕರನ್ನು ಬಾಗಿಲು ಬಂದು ಕೂರುವ ಜಾಗಕ್ಕೆ ಹೊಂದಿಸಿ ಬಿಗಿಯಿರಿ.