140 ಮೇಲ್, ಒಂದು ಉತಾರ

ಇದು ಒಬ್ಬ ಹುಡುಗನ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಹುಬ್ಬಳ್ಳಿಯಲ್ಲಿ ನಾನು ಆಪ್ತಸಲಹೆ ಕೊಡುವ ಕೋಣೆಗೆ, ಅಮೆರಿಕಕ್ಕೆ ಓದಲು ಹೊರಟವರು ನಾಲ್ಕೈದು ಮಂದಿಯಾದರೂ ಇದೇ ಲೆಕ್ಕ ಹೊತ್ತುಕೊಂಡು ಬರುತ್ತಾರೆ. "ಮೇಡಂ, ಮೊದಲ ವರ್ಷದ ರೊಕ್ಕ ಹೊಂದಿಸಿದ್ರ ಸಾಕು, ಆಮೇಲೆ ಅಸಿಸ್ಟಂಟ್‌ಶಿಪ್ ಸಿಗ್ತದ." ಅಂದರೆ ಉಳಿದ ಖರ್ಚು ಯೂನಿವರ್ಸಿಟಿಯಿಂದಲೇ ಬರುತ್ತದೆ ಅನ್ನುವ ನಂಬಿಕೆ. ಯಾರು ಹೇಳಿದರು ಅಂತ ಕೇಳಿದರೆ ಸೀನಿಯರ್ ಹೇಳಿದ, ಏಜೆಂಟ್ ಹೇಳಿದ. ಸಿಕ್ಕವರು ಇದ್ದಾರೆ, ಸುಳ್ಳಲ್ಲ. ಸಿಗದವರು ಮಾತ್ರ ಊರಿಗೆ ಫೋನ್ ಮಾಡಿ ಅದನ್ನು ಹೇಳುವುದಿಲ್ಲ, ಅಷ್ಟೇ.

ಹುಡುಗ ಹಾವೇರಿ ಜಿಲ್ಲೆಯವನು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕಂಪ್ಯೂಟರ್ ಸೈನ್ಸ್ ಬಿಇ ಮುಗಿದಿತ್ತು, ಮಾರ್ಕ್ಸ್ ಚೆನ್ನಾಗಿದ್ದವು. ಅಮೆರಿಕದಲ್ಲಿ ಎಂಎಸ್‌ಗೆ (ಸ್ನಾತಕೋತ್ತರ ಓದು) ಸೀಟು ಬಂದಿತ್ತು, ಫಂಡಿಂಗ್, ಅಂದರೆ ಯೂನಿವರ್ಸಿಟಿಯಿಂದ ಹಣ, ಇರಲಿಲ್ಲ. ನಿದ್ದೆ ಬರ್ತಿಲ್ಲ, ಅಪ್ಪನ ಜೊತೆ ಮಾತು ನಿಂತಿದೆ ಅಂತ ಬಂದಿದ್ದ. ಮೊದಲ ಎರಡು ಭೇಟಿ ಪೂರ್ತಿ ಅಪ್ಪನ ಮೇಲಿನ ಸಿಟ್ಟಿಗೇ ಹೋಯಿತು. ಊರ ಅಗಸಿಯಲ್ಲಿ ಗೆಳೆಯರು ಆಗಲೇ ಫ್ಲೆಕ್ಸ್ ಕಟ್ಟಿಬಿಟ್ಟಿದ್ದರಂತೆ, ಇವನ ಫೋಟೋ, ಹಿಂದೆ ಒಂದು ವಿಮಾನ. ನಿದ್ದೆ ಕೆಡಿಸಿದ್ದರಲ್ಲಿ ಅದರ ಪಾಲೂ ಇತ್ತು. ಮೂರನೇ ಸಲ ಅಪ್ಪನನ್ನೂ ಕರೆದುಕೊಂಡು ಬಾ ಅಂದೆ.

ಅವರು ಕೂತವರೇ ಪ್ಲಾಸ್ಟಿಕ್ ಚೀಲದಿಂದ ಹೊಲದ ಉತಾರ (ಪಹಣಿ) ತೆಗೆದು ಟೇಬಲ್ ಮೇಲೆ ಬಿಡಿಸಿಟ್ಟರು. ನಾಲ್ಕು ಎಕರೆ. ಮಡಿಕೆಯಲ್ಲಿ ಹರಿದ ಕಡೆ ಟೇಪ್ ಹಚ್ಚಿತ್ತು. ಎಷ್ಟು ಕಚೇರಿ, ಎಷ್ಟು ಕೌಂಟರ್ ನೋಡಿ ಬಂದಿತ್ತೋ ಆ ಕಾಗದ!

"ಬ್ಯಾಂಕ್ನವ್ರು ಹೊಲಾ ಅಡಾ ಇಟ್ಕೊಳ್ಳಂಗಿಲ್ಲ ಅಂದ್ರು, ಅಕ್ಕಾರ. ಮಾರೂದೊಂದ ಉಳದೈತಿ."

ಬ್ಯಾಂಕಿನವರು ಹೇಳಿದ್ದು ಸರಿಯೇ ಇತ್ತು. ಸಾಲ ಮುಳುಗಿದರೆ ಆಸ್ತಿ ವಶಕ್ಕೆ ತೆಗೆದುಕೊಳ್ಳುವ 2002ರ ಸರ್ಫೇಸಿ ಕಾಯ್ದೆ ಸಾಗುವಳಿ ಜಮೀನಿಗೆ ತಾಗುವುದಿಲ್ಲ, ಹಾಗಾಗಿ ದೊಡ್ಡ ಶಿಕ್ಷಣ ಸಾಲಕ್ಕೆ ಅವರು ಮನೆಯನ್ನೋ ಸೈಟನ್ನೋ ಕೇಳುತ್ತಾರೆ. ಇವರ ಮನೆ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿತ್ತು.

ಎರಡನೇ ವರ್ಷಕ್ಕೆ ಏನು ಮಾಡ್ತೀಯಾ ಅಂತ ಹುಡುಗನನ್ನು ಕೇಳಿದೆ. "ಟೀಚಿಂಗ್ ಅಸಿಸ್ಟಂಟ್‌ಶಿಪ್, ಟಿಎ ಸಿಗ್ತದ ಮೇಡಂ, 140 ಪ್ರೊಫೆಸರ್‌ಗಳಿಗೆ ಮೇಲ್ ಮಾಡೇನಿ" ಅಂದ. ಎಷ್ಟು ಉತ್ತರ ಬಂದವು? ಮೂರು. ಮೂರೂ ತಾನಾಗಿ ಬರುವ ಆಟೋ ರಿಪ್ಲೈ.

ಒಂದು ಮೇಲ್ ತೆಗೆದು ಅಪ್ಪನಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಓದು ಅಂದೆ. ಯಾಕೆ ಹಾಗೆ ಹೇಳಿದೆನೋ, ಮೊದಲೇ ಯೋಚಿಸಿದ್ದಲ್ಲ. ಅವನು ಮೊಬೈಲ್ ನೋಡಿಕೊಂಡು ತಡವರಿಸುತ್ತಾ ಓದಿದ. ಗೌರವಾನ್ವಿತ ಸರ್, ನಿಮ್ಮ ಸಂಶೋಧನೆ ನೋಡಿ ತುಂಬಾ ಪ್ರಭಾವಿತನಾಗಿದ್ದೇನೆ, ನನಗೆ ಮಷೀನ್ ಲರ್ನಿಂಗ್, ನೆಟ್‌ವರ್ಕ್, ಕ್ಲೌಡ್, ಸೆಕ್ಯುರಿಟಿ ಎಲ್ಲದರಲ್ಲೂ ಆಸಕ್ತಿ ಇದೆ, ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ. ಯಾರಿಗೆ ಬರೆದದ್ದು ಅಂತ ಕೇಳಿದೆ. ಮೇಲೆ ಸರಿಸಿ ನೋಡಿದ. 'ಸರ್' ಅಂತ ಬರೆದ ಆ ಮೇಲ್ ಹೋಗಿದ್ದು ಒಬ್ಬ ಹೆಣ್ಣುಮಗಳಿಗೆ.

ಅಪ್ಪ ನಗಲಿಲ್ಲ. ಉತಾರವನ್ನು ನಿಧಾನ ಮಡಚುತ್ತಾ ಕೇಳಿದರು.

"ತಮ್ಮಾ, ಮೆಣಸಿನಕಾಯಿ ಬಿಡಸೂ ಟೈಮಿನ್ಯಾಗ ಯಾರರ ಹೊಲಕ್ಕ ಬಂದು 'ಯಾವ ಕೆಲಸ ಕೊಟ್ರೂ ಮಾಡ್ತೀನ್ರಿ' ಅಂದ್ರ ನಾ ಏನ್ ಕೇಳ್ತೀನಿ? ಕಾಯಿ ಬಿಡಸಾಕ ಬರತೈತೇನು, ದಿನಕ್ಕ ಎಷ್ಟ್ ಬಿಡಸ್ತಿ ಅಂತೀನಿ. ಎಲ್ಲಾ ಬರತೈತಿ ಅನ್ನಾಂವಗ ಏನೂ ಬರಂಗಿಲ್ಲ ಅಂತ ನಮ್ಮ ಲೆಕ್ಕಾ."

"ಯಪ್ಪಾ, ಅದು ಕೂಲಿ ಅಲ್ಲ. ಅಸಿಸ್ಟಂಟ್‌ಶಿಪ್."

"ಪಗಾರ ಕೊಡ್ತಾರಿಲ್ಲೋ?"

"ಕೊಡ್ತಾರ."

"ಮತ್ತ?"

ನಾನು ವರ್ಷಗಟ್ಟಲೆ ಹುಡುಗರಿಗೆ ಹೇಳಲು ಒದ್ದಾಡಿದ್ದು ಆ ಒಂದು 'ಮತ್ತ?'ದಲ್ಲಿ ಮುಗಿದಿತ್ತು. ಅಸಿಸ್ಟಂಟ್‌ಶಿಪ್ ಸ್ಕಾಲರ್‌ಶಿಪ್ ಅಲ್ಲ. ಅದು ಕೆಲಸ. ಟಿಎ ಅಂದರೆ ಅಸೈನ್‌ಮೆಂಟ್ ತಿದ್ದುವುದು, ಲ್ಯಾಬ್ ನೋಡಿಕೊಳ್ಳುವುದು, ಬಿಇ ಹುಡುಗರ ಡೌಟ್ ಬಿಡಿಸುವುದು. ಆರ್‌ಎ (ರಿಸರ್ಚ್ ಅಸಿಸ್ಟಂಟ್) ಅಂದರೆ ಪ್ರೊಫೆಸರ್ ತಂದ ಸಂಶೋಧನಾ ಹಣದಲ್ಲಿ ಅವರ ಪ್ರಾಜೆಕ್ಟಿಗೆ ದುಡಿಯುವುದು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಕ್ಲಾಸು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ. ಪೂರ್ತಿ ಅಸಿಸ್ಟಂಟ್‌ಶಿಪ್ ಸಿಕ್ಕರೆ ಸಾಮಾನ್ಯವಾಗಿ ಫೀ ಮಾಫಿ ಆಗಿ ಮೇಲೆ ತಿಂಗಳ ಸಂಬಳವೂ ಬರುತ್ತದೆ, ಅದಕ್ಕೇ ಇಷ್ಟು ಪೈಪೋಟಿ. ಆ ಪೈಪೋಟಿಯಲ್ಲಿ ಮೊದಲ ಪಾಳಿ ಪಿಎಚ್‌ಡಿಯವರದ್ದು, ಯಾಕೆಂದರೆ ಅವರನ್ನು ಸೇರಿಸಿಕೊಳ್ಳುವಾಗಲೇ ಖರ್ಚು ನೋಡಿಕೊಳ್ತೇವೆ ಅಂತ ಡಿಪಾರ್ಟ್‌ಮೆಂಟು ಒಪ್ಪಿರುತ್ತದೆ. ಎಂಎಸ್‌ನವರಿಗೆ ಉಳಿದದ್ದು.

ಹಾಗಾದರೆ ಈ 'ಒಂದು ವರ್ಷದ ರೊಕ್ಕ' ಎಲ್ಲಿಂದ ಬಂತು? ವೀಸಾಕ್ಕೆ ಬೇಕಾದ ಐ-20 ಅನ್ನುವ ಕಾಗದ ಕೊಡುವ ಮೊದಲು ಯೂನಿವರ್ಸಿಟಿ ಸಾಮಾನ್ಯವಾಗಿ ಮೊದಲ ವರ್ಷದ ಖರ್ಚಿಗೆ ಹಣ ತೋರಿಸಿ ಅನ್ನುತ್ತದೆ. ಅದು ಒಳಗೆ ಬಿಡುವ ಬಾಗಿಲಿನ ಲೆಕ್ಕ, ಓದು ಮುಗಿಸುವ ಲೆಕ್ಕವಲ್ಲ. ಏಜೆಂಟ್ ಮೊದಲನೆಯದನ್ನೇ ಎರಡನೆಯದು ಅಂತ ಹೇಳುತ್ತಾನೆ. ಹುಡುಗರು ನಂಬುತ್ತಾರೆ, ಯಾಕೆಂದರೆ ಪೂರ್ತಿ ಮೊತ್ತ ಅಪ್ಪನಿಗೆ ಹೇಳಲು ಅವರಿಗೂ ಬಾಯಿ ಬರುವುದಿಲ್ಲ.

ಆಪ್ತಸಲಹೆಗಾರರು 'ಹೀಗೆ ಮಾಡಿ' ಅಂತ ನೇರ ಹೇಳಬಾರದು ಅನ್ನುವುದು ನಮ್ಮ ಪಾಠ. ಅವತ್ತು ನಾನದನ್ನು ಮೀರಿದೆ. ಹೊಲ ಮಾರಬೇಡಿ, ಈ ವರ್ಷದ ಸೀಟು ಬಿಡು ಅಂದೆ. ಧಾರವಾಡದ ಗೆಳತಿಯೊಬ್ಬಳು, ಇವಳೂ ಇದೇ ಕೆಲಸದವಳು, "ಪ್ಯಾಟಿ ಹುಡುಗರು ಸಾಲ ಮಾಡಿ ಹೋದ್ರ ಧೈರ್ಯ, ಹಳ್ಳಿ ಹುಡುಗರು ಹೋದ್ರ ತಪ್ಪೇನು?" ಅಂತ ಜಗಳವಾಡಿದಳು. ನಾನು ಹೋಗಬೇಡ ಅಂದಿಲ್ಲ. ಪೂರ್ತಿ ಖರ್ಚು ತಡೆಯುವ ಶಕ್ತಿ ಆ ಮನೆಗಿದ್ದರೆ ನಾನೇ ಹೋಗು ಅನ್ನುತ್ತಿದ್ದೆ. ಇನ್ನೂ ಸಿಗದ ಪಗಾರ ನಂಬಿ ಮಾರಿದ ನಾಲ್ಕು ಎಕರೆ, ಆ ಪಗಾರ ಸಿಕ್ಕರೂ ವಾಪಸ್ ಬರುವುದಿಲ್ಲ ಅಲ್ವಾ? ಆದರೂ ಅವಳ ಮಾತು ನನ್ನನ್ನು ಪೂರ್ತಿ ಬಿಟ್ಟಿಲ್ಲ. ಅದೇ ಹುಡುಗನ ಜೊತೆ ಓದಿದವನೊಬ್ಬ ಹೀಗೇ ಹೋಗಿ ಎರಡನೇ ಸೆಮಿಸ್ಟರಿಗೆ ಟಿಎ ಆದ. ಅದನ್ನು ಈ ಹುಡುಗನೇ ಬಂದು ನನಗೆ ಹೇಳಿದ. ದನಿಯಲ್ಲಿ ಸ್ವಲ್ಪ ಚುಚ್ಚು ಇತ್ತು, ಇರಲಿ.

ಉಳಿದ ಸಲಹೆ ಬೇಗ ಹೇಳುತ್ತೇನೆ. 140 ಮೇಲ್ ಬಿಟ್ಟು, ಒಂದೇ ವಿಷಯ ಹಿಡಿದು, ಪೇಪರ್ ನಿಜಕ್ಕೂ ಓದಿ, ಹತ್ತು ಜನಕ್ಕೆ ಬರೆ. ನೀನು ಮಾಡಿದ ಕೆಲಸ ಮೊದಲ ಎರಡು ಸಾಲಿನಲ್ಲೇ ಬರಲಿ. ಶಿಫಾರಸು ಪತ್ರ ನಿನ್ನ ಕೆಲಸ ಕಂಡವರೇ ಬರೆಯಲಿ, ಪ್ರಿನ್ಸಿಪಾಲರ ಸಹಿಗಿಂತ ನಿನ್ನ ಪ್ರಾಜೆಕ್ಟ್ ನೋಡಿಕೊಂಡ ಮೇಷ್ಟ್ರ ನಾಲ್ಕು ವಾಕ್ಯ ಮೇಲು. ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಾಡುವ ಭಾಗದ ಅಂಕದ ಕಡೆ ನೋಡು, ಟಿಎ ಆಗಲು ಎಷ್ಟೋ ಕಡೆ ಅದನ್ನು ಬೇರೆಯಾಗಿಯೇ ಕೇಳುತ್ತಾರೆ. ಬಿಇ ಆದ ಮೇಲೆ ಅಮೆರಿಕದಲ್ಲಿ ನೇರ ಪಿಎಚ್‌ಡಿಗೆ ಹಾಕಬಹುದು, ಸಂಶೋಧನೆ ನಿಜಕ್ಕೂ ಬೇಕಿದ್ದರೆ ಮಾತ್ರ. ಬರೀ ಫಂಡಿಂಗ್ ಆಸೆಗೆ ಐದಾರು ವರ್ಷ ಕೂರುವುದಕ್ಕೆ ಆಗುವುದಿಲ್ಲ. ಜೊತೆಗೆ ಇಲ್ಲಿನ ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರೆ. ಐಐಟಿಗಳಲ್ಲೂ ಇದೇ ಪದ್ಧತಿ ಇದೆ, ಗೇಟ್ ಮೇಲೆ ಎಂಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ, ಬದಲಿಗೆ ವಾರಕ್ಕಿಷ್ಟು ಗಂಟೆ ಟಿಎ ಕೆಲಸ. 2016ರಲ್ಲಿ ಶುರುವಾದ ಐಐಟಿ ಧಾರವಾಡದಲ್ಲೇ ಇದೆ, ಅಮೆರಿಕದಷ್ಟು ದೂರವಿಲ್ಲ.

ಈಗ ಅವನು ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ. ರಾತ್ರಿ ಕೂತು ಒಂದು ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಕೋಡ್ ಬರೆಯುತ್ತಾನೆ. ಹೋದ ವಾರ ಕಳಿಸಿದ ಮೇಲ್ ಕರಡು ಹನ್ನೊಂದು ಸಾಲಿನದು, ಪ್ರೊಫೆಸರ್ ಹೆಸರು ಸರಿಯಾಗಿತ್ತು. ಡಿಸೆಂಬರ್ ಗಡುವಿಗೆ ಎಷ್ಟು ಕಡೆ ಅರ್ಜಿ ಹಾಕಲಿ ಅಂತ ಕೇಳಿದ. ಒಂದೊಂದು ಅರ್ಜಿಗೂ 75, 100 ಡಾಲರ್ ಫೀ ಇದೆ ಮಾರಾಯ, ಐದು ಸಾಕು ಅಂದೆ. ಫೋನ್ ಸ್ಪೀಕರ್‌ನಲ್ಲಿತ್ತಂತೆ. ಹಿಂದಿನಿಂದ ಅಪ್ಪನ ದನಿ ಬಂತು.

"ಐದ ಸಾಲಿಗೆ ಬೀಜಾ ಹಾಕಿ ಮಳಿ ದಾರಿ ಕಾಯಾಕ ಆಗತೈತೇನ್ರಿ ಅಕ್ಕಾರ?"

ಎಂಟಕ್ಕೆ ಒಪ್ಪಿದ್ದೇವೆ.