ಕ್ಯಾಬಿನೆಟ್ ಬದಲಿಸುವ ಮೊದಲು ಮೈಕ್ ಸರಿಸಿ ನೋಡಿ

ಗಿಟಾರ್ ರೆಕಾರ್ಡ್ ಮಾಡಿದರೆ ಡಿಸ್ಟಾರ್ಷನ್ (ಬೇಕೆಂದೇ ಒಡೆಸಿದ ಗರಗರ ದನಿ) ಜೇನುನೊಣದಂತೆ ಗುಂಯ್‌ಗುಡುತ್ತದೆ, ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಬದಲಿಸಬೇಕಾ ಅಂತ ಕೇಳಿದ್ದೀರಿ. ಎಸ್‌ಎಂ57 ಮೈಕ್ ಡಸ್ಟ್ ಕ್ಯಾಪ್‌ನ (ಸ್ಪೀಕರ್ ಮಧ್ಯದ ದುಂಡು ಮುಚ್ಚಳ) ನಡುವಿಗೇ ಗುರಿಯಿಟ್ಟಿದೆ ಅಂದಿದ್ದೀರಿ, ಬಹುಶಃ ಅದೇ ಕಾರಣ. ಆ ಚೂಪು ದನಿ ಸ್ಪೀಕರ್‌ನಿಂದ ನೇರ ಮುಂದಕ್ಕೆ ಹೋಗುತ್ತದೆ, ಕೋಣೆಯಲ್ಲಿ ನಿಮ್ಮ ಕಿವಿ ಅದಕ್ಕಿಂತ ಮೇಲಿರುತ್ತದೆ ಅಲ್ವಾ, ಹಾಗಾಗಿ ನಿಮಗೆ ಅಷ್ಟಾಗಿ ಕೇಳಿಸದ್ದು ಮೈಕ್‌ಗೆ ಪೂರ್ತಿ ಕೇಳಿಸುತ್ತದೆ.

ಗ್ರಿಲ್ ಬಟ್ಟೆಗೆ ಟಾರ್ಚ್ ಹಿಡಿದರೆ ಕ್ಯಾಪ್‌ನ ಅಂಚು ಕಾಣುತ್ತದೆ. ಬಟ್ಟೆಯಿಂದ 2-3 ಸೆಂಟಿಮೀಟರ್ ದೂರದಲ್ಲಿ ಮೈಕನ್ನು ಆ ಅಂಚಿಗೆ ನೇರವಾಗಿ ಇಡಿ. ಒಂದೇ ರಿಫ್ (ಗಿಟಾರ್‌ನ ಚಿಕ್ಕ ತುಣುಕು) ರೆಕಾರ್ಡ್ ಮಾಡಿ, 1 ಸೆಂಟಿಮೀಟರ್ ಹೊರಕ್ಕೆ ಸರಿಸಿ, ಮತ್ತೆ ಮಾಡಿ. ನಾಲ್ಕೈದು ಟೇಕ್ ಸಾಕು. ಕೇಳುವಾಗ ಎಲ್ಲದರ ವಾಲ್ಯೂಮ್ ಸಮ ಮಾಡಿಕೊಳ್ಳಿ, ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ಬೇಸ್ ಜಾಸ್ತಿಯಾದರೆ ಮೈಕ್ ಸ್ವಲ್ಪ ಹಿಂದಕ್ಕೆ, ಕ್ಯಾಬಿನೆಟ್ ನೆಲದಿಂದ ಕುರ್ಚಿ ಮೇಲಕ್ಕೆ. ಗೇನ್ (ಡಿಸ್ಟಾರ್ಷನ್ ಎಷ್ಟೆಂದು ಹೊಂದಿಸುವ ಗುಬ್ಬಿ) ಕೂಡ ಸ್ವಲ್ಪ ಇಳಿಸಿ, ರೆಕಾರ್ಡಿಂಗ್‌ಗೆ ಅಷ್ಟೊಂದು ಬೇಕಾಗುವುದಿಲ್ಲ.

ಇಷ್ಟಾದರೂ ಚುಚ್ಚಿದರೆ ಆಗ ಸ್ಪೀಕರ್ ಯೋಚಿಸಿ. ನಿಮ್ಮ ವಿಂಟೇಜ್ 30 ಸ್ಪೀಕರ್‌ನಲ್ಲಿ ಮೇಲಿನ ಮಿಡ್ (ಮಧ್ಯಮ ದನಿಗಳ ಮೇಲ್ಭಾಗ) ಎದ್ದು ನಿಲ್ಲುತ್ತದೆ, ಗ್ರೀನ್‌ಬ್ಯಾಕ್ ಎಂಬ ಸ್ಪೀಕರ್ ಅದಕ್ಕಿಂತ ಮೆತ್ತಗೆ. ಪೆಟ್ಟಿಗೆ ಬದಲಿಸಬೇಕಿಲ್ಲ, ಒಳಗಿನ ಸ್ಪೀಕರ್ ಸಾಕು. ಗ್ರೀನ್‌ಬ್ಯಾಕ್ ತಡೆದುಕೊಳ್ಳುವುದು 25 ವ್ಯಾಟ್, ನಿಮ್ಮ 15 ವ್ಯಾಟ್ ಆಂಪ್ಲಿಫೈಯರ್‌ಗೆ ತೊಂದರೆಯಿಲ್ಲ. ಓಮ್ (ಸ್ಪೀಕರ್‌ನ ವಿದ್ಯುತ್ ತಡೆಯ ಅಳತೆ) ಮಾತ್ರ ಈಗಿನದಷ್ಟೇ ಇರುವುದನ್ನು ತೆಗೆದುಕೊಳ್ಳಿ.